ಎರಡನೆಯ ಚಕ್ರವೂ ತಿರುಗಬೇಕು

"ನಿನ್ನ ಕೈಲಿ ಆಗುವುದಿಲ್ಲ" ಎಂದು ಯಾರಾದರೂ ಹೇಳದೆ ನನ್ನ ಬದುಕಿನಲ್ಲಿ ಒಂದು ಕೆಲಸವೂ ಶುರುವಾದದ್ದಿಲ್ಲ. ಗಂಡ ಸತ್ತ ವರ್ಷ ಏಲಕ್ಕಿ ಕುಯ್ಯಲು ಹೊರಟಾಗ ಅತ್ತೆ ಹೇಳಿದರು. ಕೂಲಿ ಕೂಡಿಟ್ಟು ಮಾದಾಪುರದ ಮೇಲಿನ ಗುಡ್ಡದಲ್ಲಿ ನಾಲ್ಕು ಎಕರೆ ಕೊಂಡಾಗ ಭಾವ ಹೇಳಿದರು. ಮೂಟೆಗಳ ಮೇಲಿನ ಅಕ್ಷರ ನೋಡಿ ನೋಡಿ ಓದು ಕಲಿಯುತ್ತಿದ್ದಾಗ ಶಾಲೆಯ ಮೇಷ್ಟ್ರೇ ಹೇಳಿದರು. ಕಾರಿನ ವಿಷಯದಲ್ಲಿ ಹೇಳಿದವರು ಪಕ್ಕದ ತೋಟದ ಸುಬೇದಾರರು, ಪಟಾಲಮ್ಮಿನಿಂದ ನಿವೃತ್ತರಾಗಿ ಬಂದವರು. ಇವರೆಲ್ಲ ಬಾಯಿ ಮುಚ್ಚಿಕೊಂಡಿದ್ದಿದ್ದರೆ ನಾನು ಇವತ್ತಿಗೂ ಬೇರೆಯವರ ತೋಟದಲ್ಲಿ ಏಲಕ್ಕಿ ಕುಯ್ಯುತ್ತಿದ್ದೆನೋ ಏನೋ.

ಹರಾಜು

ನಾಡು ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಯ ಸಾಮಾನು ಹರಾಜಿಗೆ ಬಂದಿತ್ತು. ನನ್ನ ನಾಲ್ಕು ಎಕರೆ ಅಷ್ಟರಲ್ಲಿ ಬೆಳೆದು ಇಪ್ಪತ್ತೆರಡಾಗಿತ್ತು; ನಾನು ಹೋದದ್ದು ಏಲಕ್ಕಿ ತೂಗುವ ಒಂದು ತಕ್ಕಡಿಗೆ. ಅದು ಬೇರೆಯವರ ಪಾಲಾಯಿತು. ಕೊನೆಗೆ ಉಳಿದದ್ದು ಒಂದು ಹಸಿರು ಕಾರು. ಯುದ್ಧಕ್ಕೂ ಮೊದಲಿನದು, ಓಟದ ಪಂದ್ಯಕ್ಕೆಂದೇ ಮಾಡಿದ್ದು. ಇಬ್ಬರೇ ಕೂರಬಹುದು, ನೆಲದಿಂದ ಒಂದು ಗೇಣು ಎತ್ತರ, ತಲೆಯ ಮೇಲೆ ಮಡಚುವ ಕ್ಯಾನ್ವಾಸು. ಯಾರೂ ಕೂಗಲಿಲ್ಲ. ಹಿಂದಿನಿಂದ ಒಬ್ಬ, "ಆ ಅಮ್ಮಂಗೆ ಕೊಡಿ, ಕೋಳಿ ಮುಚ್ಚಕ್ಕಾಯ್ತದೆ" ಎಂದ. ಜನ ನಕ್ಕರು. ನಾನು ಏಳುನೂರು ಎಂದೆ. ನಗು ನಿಂತಿತು.

ಕಾರಿನ ಜೊತೆ ಅದರ ಕೈಪಿಡಿಯೂ, ಒಂದು ಪೆಟ್ಟಿಗೆ ತುಂಬ ಇಂಗ್ಲಿಷ್ ಮೋಟಾರು ಪತ್ರಿಕೆಗಳೂ ಬಂದವು. ಕೈಪಿಡಿ ಓದಿಯೇ ಇಂಗ್ಲಿಷು ಕಲಿತೆ, ಕೈಪಿಡಿ ಓದಿಯೇ ಕಾರು ಓಡಿಸಲೂ ಕಲಿತೆ. ತೊಂದರೆ ಇದ್ದದ್ದು ಮನೆಯ ಮುಂದಿನ ಏರಿನಲ್ಲಿ. ಒಂದು ಮಳೆ ಬಿದ್ದರೆ ಸಾಕು, ಹಿಂದಿನ ಒಂದು ಚಕ್ರ ಬುಗುರಿಯ ಹಾಗೆ ಸುತ್ತುತ್ತಿತ್ತು, ಇನ್ನೊಂದು ಮದುವೆಗೆ ಬಂದ ಬೀಗರ ಹಾಗೆ ಕೂತಿರುತ್ತಿತ್ತು.

ಗುಟ್ಟು ಪುಸ್ತಕದಲ್ಲಿತ್ತು. ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಡಬ್ಬಿ ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಲ್ಲ, ಅದಕ್ಕೆ ಅನುಕೂಲ ಮಾಡಿಕೊಡುವುದು ಅದರ ಕೆಲಸ. ಆದರೆ ಕೆಸರಿನಲ್ಲಿ ಯಾವ ಚಕ್ರ ಜಾರುತ್ತದೋ ಇಂಜಿನ್ನಿನ ಬಲವನ್ನೆಲ್ಲ ಅದಕ್ಕೇ ಸುರಿಯುತ್ತದೆ. ದುಡಿಯುವ ಮಗನನ್ನು ಬಿಟ್ಟು ಪೋಲಿ ಮಗನಿಗೆ ಆಸ್ತಿ ಬರೆದುಕೊಡುವ ಅಪ್ಪನ ಹಾಗೆ.

ನನ್ನ ತೋಟಕ್ಕೆ ಹತ್ತುವ ಆ ಏರು ಇದ್ದದ್ದು ಸುಬೇದಾರರ ಕಾಫಿ ತೋಟದ ನಡುವೆ. ಅದನ್ನು ಛಾಪಾ ಕಾಗದದ ಮೇಲೆ ರಸ್ತೆ ಎಂದು ಬರೆಸಿಕೊಳ್ಳದೆ ನನಗೆ ಗತಿಯಿರಲಿಲ್ಲ. ಅಲ್ಲಿಯವರೆಗೆ ನನ್ನ ಏಲಕ್ಕಿಯೆಲ್ಲ ಹೆಣ್ಣಾಳುಗಳ ತಲೆಯ ಮೇಲೆ ಎರಡು ಮೈಲಿ ಹೋಗಬೇಕು. ಕೇಳಲು ಹೋದೆ.

"ಎಂಥ ರಸ್ತೆ ಮಾರಾಯ್ತಿ? ರಸ್ತೆ ಬೇಕಾದರೆ ಗಾಡಿ ಇರಬೇಕು. ಅದು ಗಾಡಿಯಾ?" ಎಂದರು.

"ಮತ್ತೇನು ಸುಬೇದಾರರೇ?"

"ಹಾಗಾದರೆ ಮಳೆಗಾಲದಲ್ಲಿ ಒಂದೇ ಒಂದು ಸಲ, ಯಾರೂ ನೂಕದೆ, ತಾನಾಗಿ ಹತ್ತಲಿ. ಅಲ್ಲೇ ನಿಂತು ಸಹಿ ಹಾಕ್ತೇನೆ. ಬರುವ ವರ್ಷದ ಕಕ್ಕಡ ತಿಂಗಳ ಜಡಿಮಳೆ ಮುಗಿಯುವುದರೊಳಗೆ ಹತ್ತದಿದ್ದರೆ ಮತ್ತೆ ರಸ್ತೆಯ ಮಾತು ಎತ್ತಬಾರದು. ನಿನ್ನ ಕೈಲಿ ಆಗಲ್ಲಮ್ಮ, ಜೀಪ್ ತಗೋ."

ಆ ವರ್ಷ "ಜೀಪ್ ತಗೋ" ಎನ್ನದೆ ಇದ್ದದ್ದು ನಮ್ಮ ಮನೆಯ ಬೆಕ್ಕು ಒಂದೇ. ಅದು ಕಾರಿನ ಸೀಟಿನಲ್ಲಿ ಮರಿ ಹಾಕಿತ್ತು.

ಬಿಟ್ಟಿ ಉಪಾಯ

ಹಗುರಾಗಿರುವ ಕಡೆಯ ಚಕ್ರ ಜಾರುತ್ತದೆ, ಆ ಕಡೆ ಭಾರ ಹೇರಿ ಎಂದು ನಮ್ಮ ರೈಟರ್ ಹೇಳಿದ. ತೋಟದ ಹಾಜರಿ ಬರೆಯುವವನು, ತೂಕದ ಲೆಕ್ಕ ಬಲ್ಲವನು. ಜಾರುತ್ತಿದ್ದದ್ದು ಎಡಚಕ್ರ. ಆಳುಗಳ ಸಾಲುಮನೆಯಲ್ಲಿ, ನಮ್ಮ ಲೈನಿನಲ್ಲಿ, ಎಲ್ಲರಿಗಿಂತ ತೂಕದವಳು ಅಡುಗೆಯವಳು. ಅವಳನ್ನು ಎಡಗಡೆ ಕೂರಿಸಿಕೊಂಡು ಹೊರಟೆ. ಉಪಾಯ ಫಲಿಸಿತು. ಅರ್ಧ ಏರು ಹತ್ತಿದೆವು. ಅಷ್ಟರಲ್ಲಿ ಬಲಚಕ್ರ ಸುತ್ತತೊಡಗಿತು.

ಅಡುಗೆಯವಳು ಪಾಪ, ತನ್ನಿಂದಲೇ ತಪ್ಪಾಯಿತೆಂದುಕೊಂಡು ಕೇಳಿದಳು: "ಅಮ್ಮಾ, ನಾನ್ ಬೇಕಾರೆ ವಸಿ ಆ ಕಡೀಕೆ ಸರೀಲಾ?"

ಆ ಕಡೆ ಎಂದರೆ ನನ್ನ ತೊಡೆ.

ವೆಲ್ಡಿಂಗು

ಸೋಮವಾರಪೇಟೆಯ ಮೇಸ್ತ್ರಿಯ ಹತ್ತಿರ ಹೋದೆ. ಲಾರಿಗಳ ಹೊಟ್ಟೆಯೊಳಗೇ ಹುಟ್ಟಿ ಬೆಳೆದವನು. ಡಬ್ಬಿ ಬಿಚ್ಚಿ ನೋಡಿ, "ಅಕ್ಕಾ, ಫಿಕರೇ ಬೇಡ. ಒಳಗಿನ ಚಿಕ್ಕ ಗಾಲಿ ನಾಲ್ಕೂ ಸೇರಿಸಿ ವೆಲ್ಡಿಂಗ್ ಹೊಡೆದುಬಿಡ್ತೀನಿ. ಆಮೇಲೆ ಎರಡು ಚಕ್ರಾನೂ ಗಂಡಹೆಂಡ್ತಿ ಥರ ಒಟ್ಟಿಗೇ ತಿರುಗ್ತಾವೆ" ಎಂದ.

"ತಿರುವಿನಲ್ಲಿ ಏನು ಗತಿ?"

"ತಿರುವಿನಲ್ಲಿ ವಸಿ ಜಗಳ ಆಡ್ತಾವೆ. ಯಾವ ಮನೇಲಿ ಇಲ್ಲ?"

ಪುಸ್ತಕದಲ್ಲಿ ಬೇಡವೆಂದಿತ್ತು. ಆದರೂ ಒಪ್ಪಿದೆ. ನನ್ನ ಜೀವನದಲ್ಲಿ ಪುಸ್ತಕಕ್ಕಿಂತ ಮನುಷ್ಯರನ್ನು ಹೆಚ್ಚು ನಂಬಿದ ದಿನ ಅದೊಂದೇ. ಕಾರು ನೆಟ್ಟಗೆ ಬಾಣದ ಹಾಗೆ ಹೋಯಿತು. ಸಂತೆಯ ದಿನ. ಬಸ್ ನಿಲ್ಲುವ ಜಾಗದಲ್ಲಿ ಬಲಕ್ಕೆ ತಿರುಗಿಸಿದೆ. ಸ್ಟಿಯರಿಂಗ್ ತಿರುಗಿತು, ಮುಂದಿನ ಚಕ್ರಗಳೂ ತಿರುಗಿದವು, ಕಾರು ಮಾತ್ರ ನೆಟ್ಟಗೇ ಹೋಗಿ ಎದುರಿನ ಕ್ಷೌರದಂಗಡಿಯ ಬಾಗಿಲಿಗೆ ಮೂತಿ ಇಟ್ಟು ನಿಂತಿತು. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿ ಸೋಪಿನ ಮುಖದಲ್ಲೇ ಹಿಂಬಾಗಿಲಿನಿಂದ ಓಡಿದ.

ಕ್ಷೌರಿಕ ಕತ್ತಿ ಒರೆಸಿಕೊಳ್ಳುತ್ತಾ ನಿಧಾನವಾಗಿ ನನ್ನನ್ನು ನೋಡಿ ಹೇಳಿದ: "ಅಮ್ಮಾ, ಇಲ್ಲಿ ಹೆಂಗಸರಿಗೆ ಮಾಡಲ್ಲ."

ಸೀಮೆಯ ಕಾಗದ

ದೊರೆಯ ಪತ್ರಿಕೆಗಳನ್ನು ಒಂದೊಂದಾಗಿ ಓದಿದೆ. ಒಂದರಲ್ಲಿ ಸಿಕ್ಕಿತು: ಜಾರುವ ಚಕ್ರಕ್ಕೆ ಲಗಾಮು ಹಾಕಿ, ಗಟ್ಟಿಯಾಗಿ ನಿಂತ ಚಕ್ರಕ್ಕೂ ಬಲ ಹಂಚುವ ಡಿಫರೆನ್ಷಿಯಲ್. ತಿರುವಿನಲ್ಲೂ ಜಗಳವಿಲ್ಲ. ಪಂದ್ಯದ ಕಾರುಗಳಿಗೆ ಹಾಕುತ್ತಾರಂತೆ. ಅದರಲ್ಲೂ ಎರಡು ಜಾತಿ. ಒಂದರಲ್ಲಿ ತೆಳು ತಟ್ಟೆಗಳು ಒಂದರ ಮೇಲೊಂದು ಒತ್ತಿ ಕೂತು ಚಕ್ರವನ್ನು ಹಿಡಿಯುತ್ತವೆ; ಬೇಗ ಸವೆಯುತ್ತವೆ, ಆದರೆ ಮೃದು. ಇನ್ನೊಂದರಲ್ಲಿ ತಟ್ಟೆಯ ಬದಲು ಉಕ್ಕಿನ ಬೆಣೆಗಳು. ಬಹುಕಾಲ ಬಾಳುತ್ತವೆ, ಆದರೆ ಹಿಡಿದರೆ ಒದ್ದ ಹಾಗೆ ಹಿಡಿಯುತ್ತವೆ. ಮೂರು ವಾರ ಯೋಚಿಸಿದೆ. ಮೇಸ್ತ್ರಿಯನ್ನು ಕೇಳಿದರೆ, "ಯಾವುದಾದರೂ ತರಿಸಿ ಅಕ್ಕಾ. ತಟ್ಟೆ ಆದರೆ ಸವೆದಾಗ ನಾನೇ ಬಿಚ್ಚಿ ಕಟ್ತೀನಿ. ಇನ್ನೊಂದು ಕೆಟ್ಟರೆ ನೀವೂ ಅದರ ಜೊತೆ ಹಡಗು ಹತ್ತಬೇಕು" ಎಂದ. ವೆಲ್ಡಿಂಗಿನ ಆಸಾಮಿ ಆಡಿದ ಮೊದಲ ಬುದ್ಧಿಮಾತು.

ಅದನ್ನು ಮಾಡುವ ಇಂಗ್ಲೆಂಡಿನ ಕಂಪನಿಗೆ ಕಾಗದ ಬರೆದೆ. ಕೈಪಿಡಿಯಿಂದ ಕಲಿತ ಇಂಗ್ಲಿಷಾದ್ದರಿಂದ ಕಾಗದವೂ ಅದೇ ಧಾಟಿಯಲ್ಲಿತ್ತು: "ಈ ಪತ್ರ ತೆರೆದ ಕೂಡಲೇ ಉತ್ತರಿಸಿ. ತಡಮಾಡಿದರೆ ಭಾಗಗಳು ಸವೆಯುತ್ತವೆ. ಬಲಪ್ರಯೋಗ ಬೇಡ." ಉತ್ತರ ಬಂತು, "ಪ್ರಿಯ ಮಹಾಶಯರೇ" ಎಂದು. ಕ್ರೌನ್ ವೀಲಿಗೆ ಎಷ್ಟು ಹಲ್ಲು, ಕಾರನ್ನು ಯಾವ ಪಂದ್ಯದ ಹಾದಿಯಲ್ಲಿ ಓಡಿಸುತ್ತೀರಿ, ಎಂದು ಕೇಳಿದ್ದರು. ಎರಡನೆಯದಕ್ಕೆ ಕೂಡಲೇ ಬರೆದೆ: ಸುಬೇದಾರರ ಕಾಫಿ ತೋಟ, ಏರು ಬಹಳ ಕಡಿದು, ತಿರುವಿನಲ್ಲಿ ಹಲಸಿನ ಮರ.

ಅವರು ಬರೆದರು: "ಸುಬೇದಾರ್ ಪಂದ್ಯದ ಬಗ್ಗೆ ನಮಗೆ ಈವರೆಗೆ ತಿಳಿದಿರಲಿಲ್ಲ, ಕ್ಷಮಿಸಿ. ನೀವು ವರ್ಣಿಸಿದ್ದನ್ನು ನೋಡಿದರೆ ತಟ್ಟೆಯದೇ ಒಳ್ಳೆಯದು. ನಿಮಗೆ ಜಯವಾಗಲಿ."

ಹಲ್ಲಿನ ಲೆಕ್ಕ

ಕ್ರೌನ್ ವೀಲ್ ಎಂದರೆ ಡಬ್ಬಿಯೊಳಗಿನ ದೊಡ್ಡ ಹಲ್ಲುಗಾಲಿ. ಹಲ್ಲು ಒಂದು ತಪ್ಪಿದರೂ ಹೊಸದು ಕೂರುವುದಿಲ್ಲ. ಮೇಸ್ತ್ರಿ ನಮ್ಮ ಶೆಡ್ಡಿಗೇ ಬಂದು ಅದನ್ನು ಹೊರತೆಗೆದು ಎಣಿಸಿದ: ನಲವತ್ತೆರಡು. ರೈಟರ್ ಎಣಿಸಿದ: ನಲವತ್ತು. ನಾನು ಎಣಿಸಿದೆ: ನಲವತ್ತೊಂದು. ದುಂಡಗಿನದಕ್ಕೆ ಮೊದಲೆಲ್ಲಿ, ಕೊನೆಯೆಲ್ಲಿ? ಇಬ್ಬರು ಗಂಡಸರೂ ಏರುದನಿಯಲ್ಲಿ ಮೊದಲಿನಿಂದ ಎಣಿಸತೊಡಗಿದರು, ಒಬ್ಬನ ಲೆಕ್ಕ ಇನ್ನೊಬ್ಬನಿಗೆ ಅಂಟಿಕೊಂಡು ಐವತ್ತು ದಾಟಿತು. ನನಗೆ ರೋಸಿಹೋಯಿತು. ಒಳಗೆ ದೇವರ ಮುಂದಿದ್ದ ಕುಂಕುಮ ತಂದು ಒಂದು ಹಲ್ಲಿಗೆ ಹಚ್ಚಿ, ಅಲ್ಲಿಂದ ಎಣಿಸಿದೆ. ನಲವತ್ತೊಂದೇ. ಗಾಲಿಯನ್ನು ಕುಂಕುಮದ ಸಮೇತ ಹಲಗೆಯ ಮೇಲಿಟ್ಟು ಮಲಗಿದೆ.

ಬೆಳಿಗ್ಗೆ ನೋಡಿದರೆ ಗಾಲಿಗೆ ದಾಸವಾಳದ ಹಾರ, ಮುಂದೆ ಬಾಳೆಹಣ್ಣು, ಒಡೆದ ತೆಂಗಿನಕಾಯಿ. ಕುಂಕುಮ ಕಂಡ ಲೈನಿನ ಹೆಂಗಸರು ಬೆಳಗಿನ ಹಾಜರಿಗೆ ಬಂದವರು ಕೈಮುಗಿದು ಸಾಲಾಗಿ ನಿಂತಿದ್ದರು. ಮೇಸ್ತ್ರಿ ಗಾಲಿಗೆ ಕೈ ಹಾಕಲು ಹೋದರೆ, "ಮಂಗಳವಾರ ತೆಗೀಬಾರ್ದು" ಎಂದು ಗದರಿಸಿ ಓಡಿಸಿದರು.

ಒಬ್ಬಳು ಮೆಲ್ಲಗೆ ಕೇಳಿದಳು: "ಅಮ್ಮಾ, ಇದು ಯಾವ ದೇವರು?"

"ನಲವತ್ತೊಂದು ಹಲ್ಲಿನ ದೇವರು" ಎಂದೆ, ಸಿಟ್ಟಿನಲ್ಲಿ.

ಅವಳು ಪಕ್ಕದವಳಿಗೆ ಹೇಳಿದಳು: "ಅದಕ್ಕೇ ಮತ್ತೆ, ಅಮ್ಮನ ದುಡ್ಡೆಲ್ಲ ಹಂಗೆ ತಿಂತಾ ಕೂತದೆ."

ಪರವಾನಗಿ

ಹೊರದೇಶದ ಸಾಮಾನು ತರಿಸಲು ಪರವಾನಗಿ ಬೇಕು. ಬಸ್ಸು ಹತ್ತಿ, ರೈಲು ಹತ್ತಿ, ದೊಡ್ಡ ಊರಿನ ಒಂದು ಕಚೇರಿಗೆ ಹೋದೆ.

ಗುಮಾಸ್ತ ಅರ್ಜಿ ಓದಿ, "ಏನಮ್ಮ ಇದು? ಇದರಿಂದ ಏನಾಗುತ್ತೆ?" ಎಂದ.

"ಎರಡೂ ಚಕ್ರ ತಿರುಗುತ್ತೆ."

"ಈಗ?"

"ಒಂದೇ ತಿರುಗುತ್ತೆ."

"ಒಂದಾದರೂ ತಿರುಗುತ್ತಲ್ಲ. ದೇಶದಲ್ಲಿ ಒಂದೂ ತಿರುಗದವರು ಎಷ್ಟು ಜನ ಇದ್ದಾರೆ, ಅವರ ಅರ್ಜಿ ಇಲ್ಲಿ ರಾಶಿ ಬಿದ್ದಿದೆ. ನೀವು ಜೀಪ್ ತಗೊಳ್ಳಿ."

ನಿಯಮದ ಪುಸ್ತಕ ಕೊಡಿ ಎಂದೆ. ಕೊಟ್ಟ. ಅವನ ಮೇಜಿನ ಎದುರಿನ ಬೆಂಚಿನಲ್ಲಿ ಕೂತು ಮೊದಲನೆಯ ಪುಟದಿಂದ ಓದತೊಡಗಿದೆ. ನಾನಾಗಿಯೇ ಓದು ಕಲಿತವಳು ನಾನು. ಸಾಲಿನ ಕೆಳಗೆ ಬೆರಳಿಟ್ಟು, ಬಾಯಿ ಬಿಟ್ಟು, ಗಟ್ಟಿಯಾಗಿ ಓದದಿದ್ದರೆ ತಲೆಗೆ ಹತ್ತುವುದಿಲ್ಲ. ಎರಡು ದಿನ ಓದಿದೆ. ಅರ್ಥವಾಗದ ಸಾಲನ್ನು ಎರಡೆರಡು ಸಲ. ಮೂರನೆಯ ದಿನ ಹತ್ತು ಗಂಟೆಗೆ ಹಳೆಯ ಕಾರುಗಳ ಬಿಡಿಭಾಗದ ನಿಯಮ ಸಿಕ್ಕಿತು. ಎದ್ದು ಅವನ ಮುಂದೆ ನಿಂತು ಅದನ್ನೂ ಗಟ್ಟಿಯಾಗಿ ಓದಿದೆ. ಅಷ್ಟು ಹೊತ್ತಿಗೆ ಅವನು ಮೊಹರು ಕೈಯಲ್ಲಿ ಹಿಡಿದೇ ಕೂತಿದ್ದ.

ಒತ್ತಿ ಕೊಡುತ್ತಾ ಪಕ್ಕದ ಮೇಜಿನವನಿಗೆ ಹೇಳಿದ: "ಕೊಟ್ಟುಬಿಡೋದು ವಾಸಿ ಕಣಯ್ಯ. ಇನ್ನೂ ನೂರಮೂವತ್ತು ಪುಟ ಉಳಿದಿದೆ."

ಏರು

ಡಬ್ಬಿ ಹಡಗಿನಲ್ಲಿ ಬಂದು ಮಾದಾಪುರ ಮುಟ್ಟುವಾಗ ಕಕ್ಕಡ ಮುಗಿಯಲು ಐದು ದಿನ ಉಳಿದಿತ್ತು. ಮೇಸ್ತ್ರಿ ಎರಡು ದಿನ ಕಾರಿನಡಿಯಲ್ಲೇ ಮಲಗಿ ಕೂರಿಸಿದ. ಮರುದಿನ ಬೆಳಿಗ್ಗೆ ಸುರಿಯುವ ಮಳೆಯಲ್ಲಿ ಊರೇ ಏರಿನ ಬದಿಯಲ್ಲಿ ನಿಂತಿತು. ನಮ್ಮ ಕಡೆ ಕೆಸರಿನಲ್ಲಿ ಸಿಕ್ಕಿದ ಗಾಡಿ ಕಂಡರೆ ಯಾರಿಗೂ ಕೈ ಸುಮ್ಮನಿರುವುದಿಲ್ಲ. ಎತ್ತಿನ ಗಾಡಿಯಾಗಲಿ, ಬಸ್ಸಾಗಲಿ, ಹೋಗಿ ನೂಕುವುದೇ. ಅದಕ್ಕೇ ನಮ್ಮ ಆಳುಗಳಿಗೆಲ್ಲ ಕಟ್ಟಪ್ಪಣೆ ಮಾಡಿದ್ದೆ: ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು, ಮುಟ್ಟಿದವರಿಗೆ ಕೆಲಸವಿಲ್ಲ. ಸುಬೇದಾರರು ಕೊಡೆ ಹಿಡಿದು ಹಲಸಿನ ಮರದ ತಿರುವಿನಲ್ಲಿ, ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿ, ನಿಂತಿದ್ದರು.

ಹೊರಟೆ. ಎರಡೂ ಚಕ್ರ ಮಣ್ಣು ಕಚ್ಚಿದವು. ಕಾರು ಗುರುಗುಟ್ಟುತ್ತಾ ಹತ್ತಿತು. ತಿರುವಿನಲ್ಲಿ ಸ್ವಲ್ಪ ನಿಧಾನವಾಯಿತು, ಆಮೇಲೆ ಯಾಕೋ ಹಗುರಾಗಿ ನೆತ್ತಿಗೆ ಬಂದುಬಿಟ್ಟಿತು. ಜನ ಕೂಗಲಿಲ್ಲ. ತಿರುಗಿ ನೋಡಿದೆ. ಹಿಂದೆ ಕಟ್ಟಿದ್ದ ಸ್ಟೆಪ್ನಿಯನ್ನು ಎರಡು ಕೈಯಲ್ಲಿ ಹಿಡಿದು, ಟೋಪಿಯಿಂದ ಕಾಲಿನವರೆಗೆ ಕೆಂಪು ಕೆಸರಾಗಿ, ಏದುಸಿರು ಬಿಡುತ್ತಾ ನಿಂತಿದ್ದವರು ಸುಬೇದಾರರು. ಒಂದು ಕಾಲಿನಲ್ಲಿ ಬೂಟು ಇರಲಿಲ್ಲ.

"ಲೆಕ್ಕಕ್ಕಿಲ್ಲ! ನೂಕಿದ್ದಾರೆ!" ಎಂದರು.

"ಯಾರು ನೂಕಿದ್ದು?"

"ನಾನು!"

"ನೀವ್ಯಾಕೆ ನೂಕಿದಿರಿ?"

"ನಿಂತುಹೋಗ್ತದೆ ಅನ್ನಿಸಿತು ಮಾರಾಯ್ತಿ! ಕಣ್ಣೆದುರು ಗಾಡಿ ನಿಂತರೆ ಮನುಷ್ಯ ಸುಮ್ಮನಿರ್ತಾನಾ?"

"ನೀವು ನೂಕದಿದ್ದರೂ ಹತ್ತುತ್ತಿತ್ತು."

"ಅದು ಹೇಗೆ ಗೊತ್ತು? ನೂಕಿದ್ದೇನಲ್ಲ!"

ಮಳೆಯಲ್ಲಿ ಕಾಲು ಗಂಟೆ ವಾದ. ಕೊನೆಗೆ ಕೆಳಗಿಳಿಸಿ ಎರಡನೆಯ ಸಲ ಹೊರಟೆ. ಸುಬೇದಾರರು ಎರಡೂ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡು ಶಿಸ್ತಾಗಿ ನಿಂತರು. ತಿರುವಿನಲ್ಲಿ ಕಾರು ನಿಧಾನವಾಯಿತು. ಕೈ ಜೇಬಿನಲ್ಲೇ ಇತ್ತು, ಹೆಗಲು ಕೊಟ್ಟರು. ಎರಡನೆಯ ಬೂಟೂ ಅಲ್ಲೇ ಹೂತಿತು.

ನಾನು ಕಾರಿನಿಂದ ಇಳಿದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಹೆಂಡತಿಯ ಕಡೆ ತಿರುಗಿ, "ದನದ ಹಗ್ಗ ತಾ" ಎಂದರು. ಮಾತಿಗೆ ನಿಲ್ಲುವ ಮನುಷ್ಯ ಅವರು, ಅದು ನಿಜ. ಆಕೆ ಗಂಡನನ್ನು ಹಲಸಿನ ಮರಕ್ಕೆ ಮೂರು ಸುತ್ತು ಕಟ್ಟುತ್ತಾ, "ಇಷ್ಟು ವರ್ಷಕ್ಕೆ ಒಂದು ಸಲ ಮನೇಲಿ ನಿಂತಹಾಗಾಯ್ತು" ಎಂದರು.

ಮೂರನೆಯ ಸಲ ಕಾರು ತಿರುವಿನಲ್ಲಿ ನಿಧಾನವಾಯಿತು, ಎಡಚಕ್ರ ಒಂದು ಸುತ್ತು ಜಾರಿತು, ಬಲಚಕ್ರ ಹಿಡಿಯಿತು, ಹಲಸಿನ ಮರ ಅಲುಗಾಡಿತು, ಕಾರು ತಾನಾಗಿ, ಒಬ್ಬನ ಬೆರಳೂ ತಾಗದೆ, ನೆತ್ತಿಯ ಮೇಲೆ ಬಂದು ನಿಂತಿತು. "ಹತ್ತಿತು! ಹತ್ತಿತು!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಸುಬೇದಾರರೇ. ಆ ಸಂಭ್ರಮದಲ್ಲಿ ನಾವೆಲ್ಲ ಮನೆಗೆ ಹೋಗಿ, ಕಾಫಿ ಕುಡಿದು, ಛಾಪಾ ಕಾಗದ ಬಿಡಿಸಿ ಸಹಿಗೆ ಅವರನ್ನು ಹುಡುಕಿದಾಗಲೇ ನೆನಪಾದದ್ದು, ಯಾರೂ ಅವರನ್ನು ಬಿಚ್ಚಿರಲಿಲ್ಲ. ಕಾಗದವನ್ನು ಮರದ ಹತ್ತಿರವೇ ಒಯ್ದೆವು. ಬಲಗೈ ಮಾತ್ರ ಬಿಡಿಸಿಕೊಟ್ಟೆವು.

ಈಗ ನನ್ನ ಹೆಸರಿನಲ್ಲಿ ಇಪ್ಪತ್ತೆರಡು ಎಕರೆ ತೋಟವಿದೆ, ಹಿಂದಿನ ಎರಡೂ ಚಕ್ರ ತಿರುಗುವ ಒಂದು ಹಸಿರು ಕಾರಿದೆ, ಹತ್ತು ಅಡಿ ಅಗಲದ ಒಂದು ರಸ್ತೆಯಿದೆ. ಕಾರಿಗೆ ಬಿದ್ದದ್ದು ಏಳುನೂರು ರೂಪಾಯಿ. ಡಿಫರೆನ್ಷಿಯಲ್‌ಗೆ, ಹಡಗಿನ ಬಾಡಿಗೆ ಸುಂಕ ಎಲ್ಲ ಸೇರಿ, ಹದಿನಾರುನೂರು. ರಸ್ತೆಗೆ ಒಂದು ಛಾಪಾ ಕಾಗದ, ಒಂದು ಜೊತೆ ಬೂಟು.