ಕುರ್ಲಾದ ನಳ ಮತ್ತು ನನ್ನ ಖಾಲಿ ನೆಟ್

ನನ್ನ ತಪ್ಪನ್ನು ಆದಷ್ಟು ದೂರದವರ ಮೇಲೆ ಹೊರಿಸುವುದು ನನ್ನ ಹಳೆಯ ಚಾಳಿ. ಹಾಲು ಉಕ್ಕಿದರೆ ಗ್ಯಾಸಿನ ಮೇಲೆ, ಆಫೀಸಿಗೆ ತಡವಾದರೆ ಲೋಕಲ್ ರೈಲಿನ ಮೇಲೆ. ಆದರೆ ಉಪಗ್ರಹದವರೆಗೆ ಕೈ ಚಾಚಿದ್ದು ಮುಂಬೈಯ ಕುರ್ಲಾದಲ್ಲಿ, ಸಾಲುಮನೆಗಳ ಒಂದು ಚಾಳಿನಲ್ಲಿ ಮಾತ್ರ.

ನಾನು ಸರ್ವೆಯರ್. ಚಾಳಿಗೂ ಪಕ್ಕದ ವರ್ಕ್‌ಶಾಪಿಗೂ ನಡುವೆ ಗೋಡೆ ಏಳಬೇಕಿತ್ತು. ಗಡಿ ಗುರುತಿಸಲು ಹೋಗಿದ್ದೆ. ಮೇಸ್ತ್ರಿ ಕಾಯುತ್ತಿದ್ದ. ಇಡೀ ಚಾಳು ನೀರು ಹಿಡಿಯುವ ನಳ ಸರಿಯಾಗಿ ಆ ಗಡಿಯ ಹತ್ತಿರವೇ ಇತ್ತು; ಗೆರೆ ಸ್ವಲ್ಪ ಸರಿದರೂ ನಳ ಗೋಡೆಯ ಆಚೆ ವರ್ಕ್‌ಶಾಪಿನ ಪಾಲು. ನನ್ನ ಕೋಲಿನ ತುದಿಯ ಯಂತ್ರ ಉಪಗ್ರಹಗಳನ್ನು ಕೇಳಿ ಜಾಗ ಹೇಳುತ್ತದೆ, ಆದರೆ ಒಂದೆರಡು ಮಾರು ಆಚೀಚೆ. ಎಲ್ಲೋ ಕದಲದೆ ನಿಂತ ಕೇಂದ್ರವೊಂದು ‘ಇಷ್ಟು ತಪ್ಪಿದೆ, ತಿದ್ದಿಕೋ’ ಎಂದು ಇಂಟರ್‌ನೆಟ್ಟಿನಲ್ಲಿ ಕ್ಷಣಕ್ಷಣಕ್ಕೂ ಹೇಳುತ್ತಿದ್ದರೆ ಮಾತ್ರ ಲೆಕ್ಕ ಎರಡು ಬೆರಳಿನೊಳಗೆ ಬರುತ್ತದೆ. ಆ ದಿನದ ನೆಟ್ಟನ್ನೋ, ನಾನು ಬೊರಿವಲಿಯಿಂದ ಬರುವಾಗ ಲೋಕಲ್‌ನಲ್ಲಿ ಎಣ್ಣೆಗಾಯಿ ಮಾಡುವ ವಿಡಿಯೋ ನೋಡಿ ಮುಗಿಸಿದ್ದೆ. ರೀಚಾರ್ಜ್ ಮಾಡೋಣವೆಂದರೆ ಅದಕ್ಕೂ ನೆಟ್ ಬೇಕು.

ಸುತ್ತ ಜನ ಸೇರಿದರು. “ಸ್ಯಾಟಲೈಟ್ ಕಾ ಪ್ರಾಬ್ಲೆಮ್ ಹೈ,” ಎಂದು ಗಂಭೀರವಾಗಿ ಆಕಾಶ ನೋಡಿದೆ. ಆಮೇಲೆ ಮೆಲ್ಲಗೆ ಕನ್ನಡದಲ್ಲಿ, ‘ಎಣ್ಣೆಗಾಯಿ ನೋಡಿ ನೆಟ್ಟೆಲ್ಲ ಮುಗಿಸಿದೆಯಲ್ಲೋ’ ಎಂದು ನನ್ನನ್ನೇ ಬೈದುಕೊಂಡೆ. ಮುಂಬೈಯಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ನಳದ ಪಕ್ಕ ವಿಡಿಯೋ ಕಾಲ್‌ನಲ್ಲಿದ್ದ ಅರವತ್ತರ ಹೆಂಗಸೊಬ್ಬರು ತಿರುಗಿ ನೋಡಿದರು. “ಸ್ಯಾಟಲೈಟಿಗ್ಯಾಕ ಹೆಸರಿಡ್ತೀರಿ ಸಾಹೇಬ್ರ? ನೆಟ್ ಮುಗದದ, ಹೌದಿಲ್ಲೋ?”

“ಹೌದ್ರಿ ಅಕ್ಕಾ,” ಎಂದೆ. ಸುಳ್ಳಿಗೆ ಬೇರೆ ದಾರಿ ಉಳಿದಿರಲಿಲ್ಲ.

ಅವರು ಫೋನಿಗೆ, “ತಂಗೀ, ಇಡ್ತೀನವಾ. ನಮ್ಮ ನಳದ ಹಣೇಬಾರ ಅದ,” ಎಂದು ಕಾಲ್ ಕತ್ತರಿಸಿ ನನಗೆ ಹಾಟ್‌ಸ್ಪಾಟ್ ಕೊಟ್ಟರು. ದೂರ ಹೋದರೆ ಸಿಗ್ನಲ್ ಕಡಿಯುತ್ತಿತ್ತು. ಹಾಗಾಗಿ ನಾನು ಕೋಲು ಹಿಡಿದು ಮುಂದೆ, ಅವರು ಮೊಬೈಲ್ ಹಿಡಿದು ಹಿಂದೆ, ಬಿಸಿಲಲ್ಲಿ ಅಂಗಳದ ಮೂಲೆ ಮೂಲೆಗೂ ನಡೆದೆವು. ಮೊಣಕಾಲು ನೋವೆಂದು ನಡುವೆ ಎರಡು ಸಲ ಕೂತರು. ಆಗ ಗಡಿಯೂ ಕಾದು ನಿಂತಿತು.

ಕೊನೆಗೆ ನಳ ಗಡಿಯಿಂದ ಒಂದು ಗೇಣು ಚಾಳಿನ ಒಳಗೇ ಬಂತು. ವರ್ಕ್‌ಶಾಪಿನವನು ನನ್ನ ಯಂತ್ರದ ಪರದೆಯನ್ನು ಎರಡು ಸಲ ನೋಡಿ, “ಠೀಕ್ ಹೈ,” ಎಂದ. ಮೇಸ್ತ್ರಿ ದಾರ ಕಟ್ಟಿದ. ಅಕ್ಕ ಮೊದಲ ಕೊಡ ತುಂಬಿಸಿ, ಅದೇ ನೀರಿನಲ್ಲಿ ನನಗೆ ಚಹಾ ಮಾಡಿ ಕೊಟ್ಟರು. ಅಷ್ಟು ರುಚಿಯ ಚಹಾ ನಾನು ಕುಡಿದದ್ದು ಕಡಿಮೆ.

ರಿಪೋರ್ಟಿನಲ್ಲಿ ಕೋಲಿನ ಎತ್ತರ, ಉಪಗ್ರಹಗಳ ಸಂಖ್ಯೆ ಎಲ್ಲ ಬರೆದೆ. ಸಹಾಯ ಮಾಡಿದವರು ಎಂಬಲ್ಲಿ ಪೆನ್ನು ನಿಂತಿತು. ಅವರ ಹಾಟ್‌ಸ್ಪಾಟಿನ ಪಾಸ್‌ವರ್ಡ್ ಇನ್ನೂ ನನ್ನ ಮೊಬೈಲಿನಲ್ಲಿದೆ. ಹೆಸರು ಮಾತ್ರ ನಾನು ಕೇಳಿರಲೇ ಇಲ್ಲ.