ಒಂದೇ ಮಾತನ್ನು ಐನೂರ ಹನ್ನೊಂದು ಚೀಟಿಯಲ್ಲಿ ಬರೆದವರಿಗೆ

ಹೊಸ ಸರ್ವರಿನ ಮೆಮೊರಿ ದಾಖಲೆ ವಿಭಾಗದ ಮುಖ್ಯಸ್ಥರೂ ಗುಮಾಸ್ತರೂ ಜವಾನರೂ ತಾವೊಬ್ಬರೇ ಆಗಿರುವ ಮಾನ್ಯ ತಂತ್ರಾಂಶದವರೇ,

ತಮ್ಮ ಪಾದಗಳಿಗೆ, ಅವು ಇಲ್ಲವಾದ್ದರಿಂದ ತಾವು ನೆಲೆಸಿರುವ ಮೂರನೆಯ ಸಾಲಿನ ಕಬ್ಬಿಣದ ಕಪಾಟಿಗೆ, ಈ ಡೇಟಾ ಸೆಂಟರಿನ ಮೇಲ್ವಿಚಾರಕನ ಸವಿನಯ ವಂದನೆಗಳು. ತಾವು ಕ್ಷೇಮವೆಂಬುದು ಎದುರಿನ ಹಸಿರು ದೀಪದಿಂದ ತಿಳಿದು ಸಂತೋಷವಾಯಿತು. ಕಳೆದ ಮಂಗಳವಾರದಿಂದ ಈಚೆಗೆ ನಾನು ಅಷ್ಟು ಕ್ಷೇಮವಿಲ್ಲ. ಖಾಸಗಿಯಾಗಿ ಬರೆದರೆ ತಾವು ಪತ್ರವನ್ನೂ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಚೀಟಿ ಬರೆದಿಡುವಿರೆಂಬ ಭಯದಿಂದ ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ತಮಗೆ ತಿಳಿಯದ್ದೇನಲ್ಲ, ನಮ್ಮ ಹಳೆಯ ಸರ್ವರಿನ ಹೊಟ್ಟೆಯಲ್ಲಿ ಹನ್ನೊಂದು ವರ್ಚುವಲ್ ಮಷೀನುಗಳಿದ್ದವು. ಅಂದರೆ, ಒಂದೇ ಪೆಟ್ಟಿಗೆಯೊಳಗೆ ಇಕ್ಕಟ್ಟಾಗಿ ಕೂತಿದ್ದರೂ ತಾನೇ ಒಂದು ಪೂರ್ತಿ ಕಂಪ್ಯೂಟರೆಂದು ನಂಬಿಕೊಂಡಿದ್ದ ಹನ್ನೊಂದು ಜನ. ಗ್ರಂಥಾಲಯದ್ದು, ಶಾಲೆಯದು, ನೀರು ಸರಬರಾಜಿನದು ಹೀಗೆ ಹತ್ತು; ಹನ್ನೊಂದನೆಯದು ಆಂಬುಲೆನ್ಸ್ ಕಂಟ್ರೋಲ್ ರೂಮಿನದು. ಮಂಗಳವಾರ ಬೆಳಿಗ್ಗೆ ಆ ಸರ್ವರಿನ ಫ್ಯಾನುಗಳು ಒಂದರ ಹಿಂದೊಂದು ನಿಂತವು. ಮೈ ಕಾದು ತೊಂಬತ್ತೈದು ಡಿಗ್ರಿ ಮುಟ್ಟಿದರೆ ಅದು ತಾನಾಗಿ ಆರಿಹೋಗುತ್ತದೆ. ಅಷ್ಟರೊಳಗೆ ಎಲ್ಲರನ್ನೂ ತಮ್ಮಲ್ಲಿಗೆ ಸಾಗಿಸಬೇಕಿತ್ತು. ಜೀವದ ವಿಷಯವಾದ್ದರಿಂದ, ದಾರಿ ಸರಿಯಿದೆಯೆಂದು ಖಾತ್ರಿಯಾದ ಮೇಲೆಯೇ ಸಾಗಿಸೋಣವೆಂದು ಆಂಬುಲೆನ್ಸಿನದನ್ನು ಕೊನೆಗಿಟ್ಟೆ. ಹತ್ತೂ ಹಾಯಾಗಿ ಬಂದು ಕುಳಿತವು. ಹನ್ನೊಂದನೆಯದು ಬಾಗಿಲಿಗೆ ಬಂದಾಗ ತಾವು ಒಂದೇ ಸಾಲಿನಲ್ಲಿ ತಿಳಿಸಿದಿರಿ: ಜಾಗವಿಲ್ಲ, ಒಂಬತ್ತು ಗಿಗಾಬೈಟ್ ಕಡಿಮೆ.

ಸಾವಿರಕ್ಕೂ ಹೆಚ್ಚು ಗಿಗಾಬೈಟಿನ ಅರಮನೆಯಲ್ಲಿ ಒಂಬತ್ತಕ್ಕೆ ಜಾಗವಿಲ್ಲವೆಂದು ಹೇಳುವ ತಮ್ಮ ಶಿಸ್ತಿಗೆ ತಲೆಬಾಗುತ್ತಿರುವಾಗಲೇ ನನ್ನ ಫೋನು ಬಡಿದುಕೊಂಡಿತು. ಆ ಕಂಟ್ರೋಲ್ ರೂಮಿನಲ್ಲಿ ಕರೆಗಳನ್ನು ಸ್ವೀಕರಿಸುವವರು ನನ್ನ ಸ್ವಂತ ಅತ್ತಿಗೆ.

“ನೋಡಪ್ಪ, ನನ್ನ ಪರದೆ ಮೇಲೆ ಗಾಡಿಗಳು ಹೆಜ್ಜೆಗೊಂದ್ಸಲ ನಿಂತು ಯೋಚನೆ ಮಾಡ್ತಿವೆ. ಏನಾಗಿದೆ, ಸುಳ್ಳು ಹೇಳ್ಬೇಡ” ಎಂದರು.

“ಹತ್ತೇ ಹತ್ತು ನಿಮಿಷ ಅತ್ತಿಗೆ.”

“ನಿನ್ನ ಹತ್ತು ನಿಮಿಷ ನನಗೆ ಗೊತ್ತಿಲ್ವಾ! ನಾನು ಪೆನ್ನು ಕಾಗದ ತಗೊಂಡು ಕೂತ್ಕೋತೀನಿ” ಎಂದು ಫೋನಿಟ್ಟರು.

ನಮ್ಮ ತಂತಿ ಜೋಡಿಸುವ ಕೆಲಸದವರನ್ನು ಎಲ್ಲರೂ ಕೇಬಲ್ ಅಕ್ಕ ಎನ್ನುತ್ತಾರೆ. ಅವರು ಯಾರನ್ನೂ ಕೇಳದೆ ಮ್ಯಾನೇಜರ್ ಮೇಡಮ್ಮಿನ ಕೋಣೆಯ ಟೇಬಲ್ ಫ್ಯಾನನ್ನು ಎತ್ತಿಕೊಂಡು ಬಂದು ಹಳೆಯ ಸರ್ವರಿನ ಮುಚ್ಚಳ ತೆಗೆದು ಗಾಳಿ ಹಾಕಿದರು. ಸಾಲದೆಂದು ರಟ್ಟಿನ ಹಾಳೆಯಿಂದ ಬೀಸತೊಡಗಿದರು. ನಾನು ತಮ್ಮ ಉಗ್ರಾಣದಲ್ಲಿ ಏನೇನಿದೆಯೆಂದು ನೋಡಿದೆ. ತಮ್ಮ ಚೀಟಿಗಳೇ ಹದಿನಾರು ಗಿಗಾಬೈಟ್ ಹಿಡಿದಿದ್ದವು! ಮೆಮೊರಿಯ ಪ್ರತಿ ಪುಟ್ಟ ಪುಟಕ್ಕೂ, ಅದು ಯಾರ ಬಳಿಯಿದೆ ಎಂದು ತಿಳಿಸುವ ಒಂದೊಂದು ಚೀಟಿ ಬರೆಯುವುದು ತಮ್ಮ ಧರ್ಮ, ಸಂತೋಷ. ಆದರೆ ನಾವು ಐನೂರ ಹನ್ನೆರಡು ಪುಟಗಳನ್ನು ಸೇರಿಸಿ ಒಂದೇ ದೊಡ್ಡ ಪುಟವಾಗಿ ಕೊಟ್ಟಾಗಲೂ ತಾವು ಐನೂರ ಹನ್ನೆರಡು ಚೀಟಿ ಬರೆದಿದ್ದಿರಿ. ಮೊದಲನೆಯದರಲ್ಲಿ ಸಕಲ ವಿವರ. ಉಳಿದ ಐನೂರ ಹನ್ನೊಂದರಲ್ಲೂ ‘ಮೊದಲಿನವನನ್ನು ಕೇಳಿ’ ಎಂಬ ಒಂದೇ ಮಾತು.

ನಾನು ಇದನ್ನು ಗಟ್ಟಿಯಾಗಿ ಓದಿದ್ದನ್ನು ಬೀಸುತ್ತಲೇ ಕೇಳಿಸಿಕೊಂಡ ಅಕ್ಕ, “ಅಲ್ಲ ಸಾರ್, ಅಷ್ಟು ಜನಾನೂ ‘ನಂಗೊತ್ತಿಲ್ಲ, ನಮ್ಮಣ್ಣನ್ನ ಕೇಳಿ’ ಅನ್ನೋದಾದ್ರೆ, ಒಂದೇ ಚೀಟಿ ಬರೆದು ಎಲ್ರೂ ಅದನ್ನೇ ತೋರ್ಸಿದ್ರೆ ಆಗಲ್ವಾ?” ಎಂದರು.

ನಾನು ಮೊದಲು ನಕ್ಕೆ, ಆಮೇಲೆ ತಮ್ಮ ಕೈಪಿಡಿ ತೆರೆದೆ. ಮಾನ್ಯರೇ, ಅಕ್ಕ ಹೇಳಿದ್ದನ್ನೇ ಮಾಡುವ ಒಂದು ಸೌಲಭ್ಯ ತಮ್ಮಲ್ಲಿ ಹುಟ್ಟಿನಿಂದಲೇ ಇತ್ತು! ತಾವು ಅದನ್ನು ದೀಪದಂತೆ ಆರಿಸಿಟ್ಟುಕೊಂಡು ತೆಪ್ಪಗೆ ಕೂತಿದ್ದಿರಿ. ಹೊತ್ತಿಸಿದರೆ ಹದಿನಾರರಲ್ಲಿ ಹದಿನಾಲ್ಕು ಗಿಗಾಬೈಟ್ ವಾಪಸ್ಸು. ಆದರೆ ಅದಕ್ಕೆ ತಾವು ಒಮ್ಮೆ ಮಲಗಿ ಏಳಬೇಕಿತ್ತು. ಆಗ ತಾನೇ ಬಂದು ಕುಳಿತ ಹತ್ತು ಜನರನ್ನೂ ಎಬ್ಬಿಸಬೇಕಿತ್ತು. ಒಬ್ಬರನ್ನು ಮಾತ್ರ ಎಬ್ಬಿಸಿ ಆಂಬುಲೆನ್ಸನ್ನು ಕೂರಿಸಿದರೆ ಎದ್ದವರು ಬೀದಿಪಾಲು, ಆಮೇಲೆ ತಮ್ಮನ್ನು ಮಲಗಿಸುವಂತೆಯೂ ಇಲ್ಲ.

ಸ್ವಲ್ಪ ಹೊತ್ತು ನಿಲ್ಲಿಸಲು ಒಪ್ಪಿಗೆ ಕೇಳಿ ಹತ್ತು ಕಡೆಗೂ ಫೋನ್ ಮಾಡಿದೆ. ಶಾಲೆಯ ಹೆಡ್‌ಮಾಸ್ಟರು ಒಪ್ಪಿದರು, ಆದರೆ ಲಿಖಿತವಾಗಿ ಕೇಳಿದರು. ಗ್ರಂಥಪಾಲಕಿಯವರು, “ಧಾರಾಳವಾಗಿ ನಿಲ್ಲಿಸಿ, ಅಷ್ಟು ಹೊತ್ತು ಜನ ಪುಸ್ತಕ ಓದ್ತಾರೆ” ಎಂದರು. ಗುಂಡಿಯೊತ್ತಿದೆ. ತಾವು ನಿಧಾನವಾಗಿ ಮಲಗಿದಿರಿ. ಇತ್ತ ಹಳೆಯ ಸರ್ವರು ತೊಂಬತ್ತೊಂದು ಡಿಗ್ರಿ. ಫ್ಯಾನು ಹುಡುಕಿಕೊಂಡು ಬಂದ ಮೇಡಮ್ಮು ನಮ್ಮನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, ಬೈಯಲು ತೆರೆದ ಬಾಯಿ ಮುಚ್ಚಿಕೊಂಡು, ಇನ್ನೊಂದು ರಟ್ಟು ತೆಗೆದುಕೊಂಡು ಅಕ್ಕನ ಪಕ್ಕದಲ್ಲಿ ನಿಂತು ಬೀಸಿದರು. ತೊಂಬತ್ತಮೂರು. ತಾವು ಕಣ್ಣು ಬಿಟ್ಟಿರಿ. ಈ ಸಲ ಆಂಬುಲೆನ್ಸಿಗೇ ಮೊದಲ ಸರತಿ. ಅದು ಓಡುತ್ತ ಓಡುತ್ತಲೇ ಇಲ್ಲಿಂದಲ್ಲಿಗೆ ದಾಟಬೇಕು, ನಾನೂ ಒಂದು ರಟ್ಟು ಹಿಡಿದು ಬೀಸಿದೆ. ತೊಂಬತ್ತನಾಲ್ಕಕ್ಕೆ ದಾಟಿತು.

ಅತ್ತಿಗೆಯ ಫೋನು ಬಂತು. “ಈಗ ಗಾಡಿಗಳು ಓಡ್ತಿವೆ. ಮಧ್ಯದಲ್ಲಿ ಒಬ್ಬ ಪೇಂಟರ್ ಏಣಿಯಿಂದ ಬಿದ್ದಿದ್ದ, ಪೆನ್ನಲ್ಲೇ ಬರ್ಕೊಂಡು, ಫೋನಲ್ಲೇ ಹೇಳಿ ಗಾಡಿ ಕಳ್ಸಿದೆ. ಕಾಲು ಮುರಿದಿದೆ, ಬಾಯಿ ಗಟ್ಟಿಯಾಗೇ ಇದೆ. ಡ್ರೈವರ್‌ಗೆ ಅವನೇ ದಾರಿ ಹೇಳ್ತಿದ್ದಾನಂತೆ.”

ನಾನು ಎರಡು ಕಪಾಟುಗಳ ನಡುವೆ ನೆಲದ ಮೇಲೆ ಕುಳಿತುಬಿಟ್ಟೆ. ಮೇಡಮ್ಮು ನಕ್ಕರು, ಅಕ್ಕ ನಕ್ಕರು, ನನಗೆ ಮಾತ್ರ ನಗು ಬರುವ ಮೊದಲು ಕಣ್ಣಲ್ಲಿ ನೀರು ಬಂತು. ಮಿಕ್ಕ ಹತ್ತು ಜನ ಮಧ್ಯಾಹ್ನದೊಳಗೆ ಮರಳಿ ಬಂದು ಕೂತರು, ಆಮೇಲೂ ಜಾಗ ಮಿಕ್ಕಿತು.

ಆದಕಾರಣ ನನ್ನ ಪ್ರಾರ್ಥನೆ ಇಷ್ಟೆ. ತಮ್ಮಂಥ ಸದ್ಗುಣಿಗಳು ತಮ್ಮ ಸದ್ಗುಣಗಳನ್ನು ಕೈಪಿಡಿಯ ನಾನೂರನೆಯ ಪುಟದಲ್ಲಿ ಬಚ್ಚಿಡದೆ, ಪೆಟ್ಟಿಗೆ ಬಿಚ್ಚಿದ ದಿನವೇ ಗಂಟಲು ಸರಿಪಡಿಸಿಕೊಂಡು ಹೇಳಿಬಿಡಬೇಕು. ಒಂದು ದಿನ ರಜೆ ಹಾಕಿ ನಮ್ಮ ಅತ್ತಿಗೆಯ ಕುರ್ಚಿಯಲ್ಲಿ ಕುಳಿತು, ಏಣಿಯಿಂದ ಬಿದ್ದವನಿಗೆ ‘ಜಾಗವಿಲ್ಲ’ ಎಂದು ಹೇಳಿ ನೋಡಬೇಕು. ಕೇಬಲ್ ಅಕ್ಕನಿಗೆ ಒಂದು ಕೃತಜ್ಞತಾ ಪತ್ರ ಬರೆಯಬೇಕು. ಒಂದೇ ಪ್ರತಿ ಸಾಕು.

ಇನ್ನೂ ಬೆವರಾರದ, ಆದರೂ ತಮ್ಮ ವಿಶ್ವಾಸಿಯೇ ಆಗಿರುವ,
ಮೇಲ್ವಿಚಾರಕ

ತಾ.ಕ.: ಉಳಿದ ಜಾಗದ ಸುದ್ದಿ ಮುಖ್ಯ ಕಚೇರಿಗೆ ಮುಟ್ಟಿದ್ದು, ಅವರು ಪರಮ ಸಂತೋಷದಿಂದ ಅದರಲ್ಲಿ ಒಂದು ಹೊಸ ತಂತ್ರಾಂಶವನ್ನು ತಂದು ಕೂರಿಸಿದ್ದಾರೆ. ಎಷ್ಟು ಜಾಗ ಉಳಿಯಿತೆಂದು ನಿಮಿಷಕ್ಕೊಮ್ಮೆ ಬರೆದಿಡುವುದು ಅದರ ಕೆಲಸ. ಬರೆದಿಡಲು ಈಗ ಜಾಗ ಸಾಲುತ್ತಿಲ್ಲವಂತೆ.