ಹೊರಗೆ ಫ್ಯಾನ್ ಇದ್ದ ವಿಮಾನ

ನಂಟರಿಷ್ಟರ ನಡುವೆ ಒಮ್ಮೆ ತಿಳಿದವನೆಂದು ಹೆಸರಾಗಿಬಿಟ್ಟರೆ ಆ ಹೆಸರನ್ನು ಕಳೆದುಕೊಳ್ಳುವುದು ಬಲು ಕಷ್ಟ. ನಾನು ತಿರುವನಂತಪುರದ ಒಂದು ಅಂತರಿಕ್ಷ ಸಂಸ್ಥೆಯಲ್ಲಿದ್ದೇನೆ. ಅಲ್ಲಿ ನನ್ನ ಕೆಲಸ ಖರೀದಿ ವಿಭಾಗದಲ್ಲಿ. ಮೇಜು, ಕುರ್ಚಿ, ನೀರಿನ ಫಿಲ್ಟರ್ ತರಿಸುತ್ತೇನೆ. ರಾಕೆಟ್ ಹಾರುವುದನ್ನು ನಾನೂ ಎಲ್ಲರಂತೆ ಟೀವಿಯಲ್ಲೇ ನೋಡುವವನು. ಆದರೆ ಮೈಸೂರಿನ ಬಂಧುಗಳ ಪಾಲಿಗೆ ನಾನು ವಿಜ್ಞಾನಿ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂತರೆ ಗ್ರಹಣದಿಂದ ಹಿಡಿದು ಮೊಬೈಲ್ ಸಿಗ್ನಲ್‌ವರೆಗೆ ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ. ಮೊದಮೊದಲು "ನಾನು ಕುರ್ಚಿ ತರಿಸೋನು" ಎಂದು ತಿದ್ದುತ್ತಿದ್ದೆ. "ಎಷ್ಟು ವಿನಯ ನೋಡಿ" ಎಂದರು. ಆಮೇಲೆ ತಿದ್ದುವುದನ್ನು ಬಿಟ್ಟೆ. ಕೇಳಿಸಿಕೊಳ್ಳಲು ಹಿತವಾಗಿಯೂ ಇತ್ತೆನ್ನಿ.

ಈ ಹಿತಕ್ಕೆ ಸಂಚಕಾರ ಬಂದದ್ದು ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಸಾವಿತ್ರಮ್ಮನವರಿಂದ. ಅವರು ಬೇಸಿಗೆಗೆ ನಮ್ಮ ಮನೆಗೆ ಬಂದಿದ್ದರು. ನಮ್ಮ ಮನೆಯಿರುವುದು ವಿಮಾನ ನಿಲ್ದಾಣದ ಹತ್ತಿರ. ಇಳಿಯುವ ವಿಮಾನಗಳು ಮಾಳಿಗೆಯ ಮೇಲೇ ಹಾದುಹೋಗುತ್ತವೆ. ಅತ್ತೆ ಸಂಡಿಗೆ ಒಣಹಾಕುತ್ತ ದಿನವೂ ಅವನ್ನು ನೋಡುತ್ತಿದ್ದರು. ಹೀಗಾಗಿ ವಿಮಾನ ಎಂದರೆ ಹೇಗಿರಬೇಕು ಎಂಬುದರ ಬಗ್ಗೆ ಅವರಿಗೊಂದು ಖಚಿತ ಅಭಿಪ್ರಾಯವಿತ್ತು. ರೆಕ್ಕೆಯ ಕೆಳಗೆ ಎರಡು ದಪ್ಪ ಡಬ್ಬಿಗಳಿರಬೇಕು, ಅಷ್ಟೆ.

ಆಗ ಮೈಸೂರಿನಿಂದ ಫೋನ್ ಬಂತು. ಅತ್ತೆಯವರ ತಂಗಿ ವಿಶಾಲು ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಎರಡು ದಿನದೊಳಗೆ ಆಪರೇಷನ್ ಆಗಬೇಕು, ತಡಮಾಡಿದಷ್ಟೂ ಅಪಾಯ ಎಂದು ಡಾಕ್ಟರು ಹೇಳಿದ್ದರು. ಚಿಕ್ಕಮ್ಮ ಮಾತ್ರ, "ಅಕ್ಕ ಬರೋವರೆಗೂ ಯಾರೂ ನನ್ನ ಮುಟ್ಟಕೂಡದು" ಎಂದು ಹಟ ಹಿಡಿದಿದ್ದರು. ನಮ್ಮೂರಿನಿಂದ ಮೈಸೂರಿಗೆ ನೇರ ವಿಮಾನವಿರಲಿಲ್ಲ, ಕೊಚ್ಚಿಯಿಂದ ಆಗ ಒಂದು ಸಣ್ಣ ವಿಮಾನ ಹೋಗುತ್ತಿತ್ತು. ಎರಡು ಟಿಕೆಟ್ ಸಿಕ್ಕಿತು.

ಟಿಕೆಟ್ಟಿನ ಹುಡುಗ "ಇದು ಪ್ರೊಪೆಲ್ಲರ್ ವಿಮಾನ, ಪರವಾಗಿಲ್ಲವಾ ಸರ್?" ಎಂದಾಗ ಪರವಾಗಿಲ್ಲವೋ ಹೇಗೋ ನನಗೂ ಗೊತ್ತಿರಲಿಲ್ಲ. ಕೂಡಲೇ ಆಫೀಸಿನ ಗಿರಿಜಾ ಮೇಡಂಗೆ ಫೋನ್ ಮಾಡಿದೆ. ಅವರು ಎಂಜಿನ್ ವಿಭಾಗದ ನಿಜವಾದ ವಿಜ್ಞಾನಿ. "ಸಿಂಪಿಳ್ ಆಣ್ ಸಾರೇ!" ಎಂದು ನಕ್ಕು ತಾಳ್ಮೆಯಿಂದ ವಿವರಿಸಿದರು. ವಿಮಾನ ಯಾವುದೇ ಆಗಲಿ, ಗಾಳಿಯನ್ನು ಹಿಂದಕ್ಕೆ ನೂಕಿ ತಾನು ಮುಂದಕ್ಕೆ ಹೋಗುತ್ತದೆ. ಪ್ರೊಪೆಲ್ಲರ್ ಬಹಳಷ್ಟು ಗಾಳಿಯನ್ನು ನಿಧಾನವಾಗಿ ನೂಕುತ್ತದೆ. ಜೆಟ್ ಅದಕ್ಕಿಂತ ಕಡಿಮೆ ಗಾಳಿಯನ್ನು ಬಲು ರಭಸದಿಂದ ನೂಕುತ್ತದೆ. ಜೆಟ್ಟಿಗೆ ಎತ್ತರ, ವೇಗ, ದೂರದ ಊರು. ಪ್ರೊಪೆಲ್ಲರ್‌ಗೆ ಹತ್ತಿರದ ಊರು, ಚಿಕ್ಕ ರನ್‌ವೇ, ಕಡಿಮೆ ಎಣ್ಣೆ. ಒಳಗೆ ಉರಿಯುವ ಬೆಂಕಿ ಎರಡರಲ್ಲೂ ಒಂದೇ ಥರದ್ದು. ಈ ವಿಮಾನದಲ್ಲಿ ಅದು ಹೊರಗಿನ ಫ್ಯಾನನ್ನು ತಿರುಗಿಸುತ್ತದೆ. ನನಗೆ ಅರ್ಥವಾಯಿತು. ಅಥವಾ ಅರ್ಥವಾಯಿತೆಂಬ ಧೈರ್ಯ ಬಂತು. ನನ್ನಂಥವರ ವಿದ್ಯೆಯೆಲ್ಲ ಬಹುಪಾಲು ಹೀಗೇ ಇರುತ್ತದೆ.

ಮರುದಿನ ಬೆಳಗಿನ ರೈಲಿನಲ್ಲಿ ಹೊರಟು ಆಲುವಾದಲ್ಲಿ ಇಳಿದು ಕೊಚ್ಚಿ ವಿಮಾನ ನಿಲ್ದಾಣ ಸೇರಿದೆವು. ತಪಾಸಣೆಯೆಲ್ಲ ಸುಸೂತ್ರವಾಗಿ ಮುಗಿಯಿತು. ಬಸ್ಸು ನಮ್ಮನ್ನು ವಿಮಾನದ ಹತ್ತಿರ ತಂದು ನಿಲ್ಲಿಸಿತು. ಎಲ್ಲರೂ ಇಳಿದರು. ಅತ್ತೆ ಕಿಟಕಿಯಿಂದ ನೋಡಿದವರು ಕೂತಲ್ಲೇ ಕೂತರು.

"ಏನ್ರೀ ಇದು? ಫ್ಯಾನ್ ಹಾಕಿದಾರೆ!"

"ಅತ್ತೆ, ಮನೆ ಮೇಲೆ ಹೋಗೋ ವಿಮಾನದಲ್ಲೂ ಫ್ಯಾನ್ ಇರುತ್ತೆ. ಡಬ್ಬಿ ಒಳಗೆ ಇರೋದರಿಂದ ಕಾಣಲ್ಲ."

"ಅಂದ್ರೆ ಇದರ ಮುಚ್ಚಳ ಬಿದ್ದುಹೋಗಿದೆಯಾ?"

ಗಿರಿಜಾ ಮೇಡಂ ಹೇಳಿದ್ದನ್ನು ಕನ್ನಡಕ್ಕೆ ಇಳಿಸಲು ಹೊರಟೆ. "ಒಲೆ ಊದೋ ಊದುಗೊಳವೆ ಇತ್ತಲ್ಲ, ಅದು ಜೆಟ್. ಸ್ವಲ್ಪವೇ ಗಾಳಿ, ಜೋರಾಗಿ. ಮೊರದಲ್ಲಿ ಬೀಸೋದು ಪ್ರೊಪೆಲ್ಲರ್. ಜಾಸ್ತಿ ಗಾಳಿ, ಮೆತ್ತಗೆ. ಎರಡರಲ್ಲೂ ಒಲೆ ಹೊತ್ತುತ್ತೆ."

ಅತ್ತೆ ಯೋಚಿಸಿದರು. "ಸರಿ. ಆದ್ರೆ ಮೊರ ಬೀಸಿ ಬೀಸಿ ಕೈ ಸೋತರೆ ಬೀಸೋದು ನಿಲ್ಲಿಸ್ತೀವಲ್ಲ. ಇದು ಮೇಲೆ ಹೋಗಿ ನಿಂತರೆ?"

"ಎರಡಿದೆ ಅತ್ತೆ. ಒಂದು ನಿಂತರೂ ಇನ್ನೊಂದರಲ್ಲಿ ಇಳಿಸ್ತಾರೆ."

"ನೀವು ವಿಜ್ಞಾನಿಗಳು, ಹೇಳ್ತೀರ. ನಾನು ಇಳಿಯಲ್ಲ."

ಕೆಳಗೆ ನಿಂತಿದ್ದ ವಿಮಾನ ಕಂಪನಿಯ ಹುಡುಗಿ "ಅಮ್ಮಚ್ಚೀ, ವರೂ, ಎಲ್ಲಾವರುಂ ಕಯರಿ" ಎಂದು, ಎಲ್ಲರೂ ಹತ್ತಿಯಾಯಿತು ಬನ್ನಿ ಎಂದು ಮುದ್ದಾಗಿ ಕರೆದಳು. ಅತ್ತೆ ಅವಳಿಗೊಂದು ಮುಗುಳ್ನಗೆ ಕೊಟ್ಟು ಬಸ್ಸಿನ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಈ ವಿಮಾನ ತಪ್ಪಿದರೆ ನಾಳೆಯ ಆಪರೇಷನ್ ತಪ್ಪುತ್ತದೆ. ಬೇರೆ ದಾರಿ ಕಾಣದೆ ಆಸ್ಪತ್ರೆಗೆ ಫೋನ್ ಹಚ್ಚಿ ಚಿಕ್ಕಮ್ಮನಿಗೇ ವಿಷಯ ಹೇಳಿಬಿಟ್ಟೆ. ತಂಗಿಯಾದರೂ ಅಕ್ಕನನ್ನು ಒಪ್ಪಿಸಿಯಾರು ಎಂದು ನನ್ನ ಲೆಕ್ಕಾಚಾರ. ಸ್ಪೀಕರಿನಲ್ಲಿ ಬಂದ ಮಾತು ಬೇರೆಯೇ ಆಗಿತ್ತು.

"ಅಕ್ಕಾ, ಭಯ ಆದ್ರೆ ಹತ್ತಬೇಡ ಕಣೆ. ನಂಗೂ ಭಯಾನೇ. ನಾನೂ ಆಪರೇಷನ್ ಬೇಡ ಅಂದುಬಿಡ್ತೀನಿ. ಇಬ್ಬರೂ ಇದ್ದಲ್ಲೇ ಇರೋಣ."

ಅತ್ತೆಯವರ ಅಮ್ಮ ತೀರಿಕೊಂಡಾಗ ಚಿಕ್ಕಮ್ಮನಿಗಿನ್ನೂ ಎರಡು ಜಡೆ ಹಾಕುವ ವಯಸ್ಸು, ಬೆಳೆಸಿದ್ದು ಇವರೇ. ಫೋನನ್ನು ನನ್ನ ಕೈಯಿಂದ ಕಸಿದುಕೊಂಡರು.

"ಯಾರೇ ಹೇಳಿದ್ದು ನಂಗೆ ಭಯ ಅಂತ? ನಾನಾಗಲೇ ಹತ್ತಿ ಕೂತಾಯ್ತು! ಡಾಕ್ಟರು ಹೇಳಿದ ಹಾಗೆ ಕೇಳು, ತೆಪ್ಪಗಿರು!"

ಫೋನ್ ಇಟ್ಟು ಎದ್ದು ನಿಂತರು. ಹೇಳಿದ ಸುಳ್ಳನ್ನು ನಿಜ ಮಾಡಲು ಇನ್ನೇನು ದಾರಿಯಿತ್ತು? ಸೆರಗು ಸಿಕ್ಕಿಸಿಕೊಂಡು, ಫ್ಯಾನಿನ ಕಡೆ ತಿರುಗಿಯೂ ನೋಡದೆ, ಹಿಂಬಾಗಿಲ ಮೆಟ್ಟಿಲು ಹತ್ತಿಬಿಟ್ಟರು. ನನ್ನ ಊದುಗೊಳವೆ, ಮೊರ ಯಾವುದೂ ಅವರನ್ನು ಒಂದಂಗುಲ ಅಲ್ಲಾಡಿಸಿರಲಿಲ್ಲ. ಮನುಷ್ಯರನ್ನು ಮುಂದಕ್ಕೆ ನೂಕುವ ಎಂಜಿನ್ ಯಾವುದೆಂದು ಗಿರಿಜಾ ಮೇಡಂಗೂ ಗೊತ್ತಿರಲಾರದು.

ನಮ್ಮ ಸೀಟು ಸರಿಯಾಗಿ ಫ್ಯಾನಿನ ಪಕ್ಕಕ್ಕೇ ಬಂದಿತ್ತು. ಅತ್ತೆ ಕಿಟಕಿಗೆ ಕೂತರು. ವಿಮಾನ ಗುಂಯ್‌ಗುಡುತ್ತ ಏರಿತು. ಜೆಟ್ಟಿನಷ್ಟು ಎತ್ತರಕ್ಕೆ ಹೋಗದ ಕಾರಣ ಕೆಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಹೊಳೆ, ತೆಂಗು, ಆಮೇಲೆ ಹಸಿರು ಗುಡ್ಡಗಳು. ಗುಡ್ಡಗಳ ಮೇಲೆ ಬಂದಾಗ ಮೋಡದೊಳಗೆ ಎರಡು ಸಲ ದಡಬಡ ಎಂದು ಕುಲುಕಿತು. ಪಾಪ, ಅತ್ತೆ ಗಾಬರಿಯಾದಾರೆಂದು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಳಿಯುವವರೆಗೂ ಬಿಡಲಿಲ್ಲ. ಅಳಿಯನಾದವನ ಕರ್ತವ್ಯವಲ್ಲವೆ?

ಮರುದಿನ ಆಪರೇಷನ್ ಸುಸೂತ್ರವಾಗಿ ಆಯಿತು. ಸಂಜೆ ಚಿಕ್ಕಮ್ಮ ಕಣ್ಣುಬಿಟ್ಟಾಗ ಅಕ್ಕ ಪಕ್ಕದಲ್ಲೇ ಇದ್ದರು. ವಾರ್ಡಿನಲ್ಲಿ ನಂಟರೆಲ್ಲ ಸೇರಿದ್ದರು. "ವಿಜ್ಞಾನಿ ಅಳಿಯ ಜೊತೆಗಿದ್ರಲ್ಲ, ನಿಮಗೇನು ಭಯ ಬಿಡಿ" ಎಂದರು ಯಾರೋ. ನಾನು ಅಭ್ಯಾಸಬಲದಿಂದ ವಿನಯದ ಮುಖ ಮಾಡಿಕೊಂಡೆ.

ಅತ್ತೆ ನನ್ನನ್ನು ಬಹಳ ಅಕ್ಕರೆಯಿಂದ ನೋಡಿದರು. "ಪಾಪ, ಅವರಿಗೇನೂ ಅನ್ನಬೇಡಿ. ವಿಮಾನ ಕುಲುಕಿದಾಗ ತುಂಬಾ ಹೆದರಿಬಿಟ್ಟಿದ್ರು. ಸಂಕೋಚ ಆಗತ್ತೆ ಅಂತ ನಾನೂ ಸುಮ್ಮನೆ ಕೈ ಕೊಟ್ಟು ಕೂತಿದ್ದೆ" ಎಂದು ಮಣಿಕಟ್ಟನ್ನು ಮುಂದೆ ಚಾಚಿದರು. ನನ್ನ ಹಿಡಿತಕ್ಕೆ ಎರಡು ಗಾಜಿನ ಬಳೆ ಒಡೆದು, ಅಲ್ಲಿ ಸಣ್ಣದೊಂದು ಗೀರು ಮೂಡಿತ್ತು.